ತೊಗಟೆ ಬಟ್ಟೆಯ ಮೂಲೆಗೆ ಅರಿಶಿನ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ, ನನಗೆ ಹಳೆಯ ಬಟ್ಟೆಗಳ ಚಟ. ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚವೆಲ್ಲ ನನ್ನ ಹೆಂಡತಿ ಶೈಲಾಳದು. "ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳೋ ಜನ ನಾವು. ನೀವು ಕಾಸು ಕೊಟ್ಟು ಹಳೇ ಬಟ್ಟೆ ತರ್ತೀರಲ್ರೀ" ಎನ್ನುತ್ತಾಳೆ. ಮಾತಿನಲ್ಲಿ ನ್ಯಾಯವಿದೆ. ಆದರೆ ಚಟಕ್ಕೂ ನ್ಯಾಯಕ್ಕೂ ಎಂದಾದರೂ ಹೊಂದಿಕೆಯಾಗಿದೆಯೇ?

ಈ ವರ್ಷ ಸ್ಪ್ರಿಂಗ್‌ನಲ್ಲಿ ಪ್ರಿನ್ಸ್‌ಟನ್ನಿನ ಒಂದು ಮನೆಯವರು ತೀರಿಕೊಂಡ ಹಿರಿಯರ ಸಾಮಾನನ್ನೆಲ್ಲ ಮಾರುತ್ತಿದ್ದಾಗ ನನಗೊಂದು ಟಾಪಾ ಸಿಕ್ಕಿತು. ಟಾಪಾ ಎಂದರೆ ಪೆಸಿಫಿಕ್ ದ್ವೀಪಗಳ ಹೆಂಗಸರು ಮರದ ಒಳತೊಗಟೆಯನ್ನು ನೆನೆಸಿ, ಕೊಡತಿಯಿಂದ ಬಡಿದು ಅಗಲ ಮಾಡಿ, ಚಿತ್ತಾರ ಬರೆದ ಬಟ್ಟೆ. ಆ ಮರ ನಮ್ಮ ಹಿಪ್ಪುನೇರಳೆಯ ದಾಯಾದಿ. ನಾವು ಸೊಪ್ಪನ್ನು ಹುಳುವಿಗೆ ತಿನ್ನಿಸಿ ಸೀರೆ ಮಾಡಿಕೊಂಡೆವು. ಅವರು ಹುಳುವಿನ ಹಂಗೇ ಬೇಡವೆಂದು ತೊಗಟೆಗೇ ಕೈ ಹಾಕಿದರು. ನನ್ನದು ಟೊಂಗಾ ದ್ವೀಪದ್ದು, ಊಟದ ಮೇಜಿನಷ್ಟು ದೊಡ್ಡದು, ಮೈತುಂಬ ಕಾಫಿಬೀಜದ ಬಣ್ಣದ ಚೌಕಳಿ. ಶೈಲಾ ಮುಟ್ಟಿ ನೋಡಿ, "ದೋಸೆ ಪಾರ್ಸೆಲ್ ಕಟ್ಟಿದ ಪೇಪರ್ ಥರ ಇದೆ" ಎಂದಳು.

ನೀರು ಬಿದ್ದರೆ ಇದು ಮೆತ್ತಗಾಗಿ ಹರಿಯುತ್ತದೆ, ಬಿಸಿಲಿಗೆ ಬಣ್ಣ ಹಾರುತ್ತದೆ, ಮಡಿಸಿದರೆ ಮಡಿಕೆಯಲ್ಲೇ ಬಿರಿಯುತ್ತದೆ. ಹಾಗಾಗಿ ಮನೆಯಲ್ಲಿ ನನ್ನ ಕಾನೂನು ಜಾರಿಯಾಯಿತು. ಟಾಪಾ ಇಟ್ಟ ಹಾಲ್‌ನ ಕಿಟಕಿ ಪರದೆ ತೆಗೆಯಕೂಡದು, ಅಲ್ಲಿ ಕಾಫಿ ಕುಡಿಯಕೂಡದು, ಒದ್ದೆ ಕೈಯವರು ಅತ್ತ ಸುಳಿಯಕೂಡದು. ಬಂದ ನೆಂಟರು ಅಡುಗೆಮನೆಯಲ್ಲಿ ನಿಂತೇ ಉಪ್ಪಿಟ್ಟು ತಿಂದರು. ಅಷ್ಟರಲ್ಲಿ ಮ್ಯೂಸಿಯಮ್ಮಿನಲ್ಲಿ ಬಟ್ಟೆ ರಿಪೇರಿ ಮಾಡಿ ನಿವೃತ್ತಳಾದ ಲಿಂಡಾ ಎಂಬಾಕೆ, ನಮ್ಮೂರು ಈಸ್ಟ್ ಬ್ರನ್ಸ್‌ವಿಕ್‌ನ ಲೈಬ್ರರಿಯಲ್ಲಿ ತೊಗಟೆ ಬಟ್ಟೆಗಳ ಪುಟ್ಟ ಪ್ರದರ್ಶನ ಇಡುತ್ತಾಳೆಂದು ಗೊತ್ತಾಯಿತು. ನನ್ನ ಟಾಪಾ ಅಲ್ಲಿ ತೂಗಲೇಬೇಕೆಂದು ಹಟ ಹಿಡಿದೆ. ಮೂರು ಇಮೇಲ್ ಬರೆದೆ, ನಾಲ್ಕನೆಯದಕ್ಕೆ ಆಕೆ ಸೋತು ಮನೆಗೇ ಬಂದಳು.

ಭೂತಗನ್ನಡಿ ಹಿಡಿದು ಇಂಚಿಂಚೂ ನೋಡುತ್ತಿದ್ದವಳು ಒಂದು ಮೂಲೆಯಲ್ಲಿ ನಿಂತುಬಿಟ್ಟಳು. ಅಲ್ಲೊಂದು ಹಳದಿ ಬೊಟ್ಟು. "ಇದು ಅರಿಶಿನ. ದ್ವೀಪಗಳಲ್ಲಿ ಅರಿಶಿನದ ಬಣ್ಣ ಹಾಕುವುದುಂಟು. ಆದರೆ ಹೀಗೆ ಮೂಲೆಗೆ ಬೆರಳಿನಿಂದ ಹಚ್ಚಿದ್ದನ್ನು ನಾನು ನೋಡಿಯೇ ಇಲ್ಲ. ಏನೋ ಶಾಸ್ತ್ರವಿರಬೇಕು. ಇದನ್ನು ಬಾಗಿಲ ಎದುರಿಗೇ ಹಾಕುತ್ತೇನೆ" ಎಂದಳು.

ಆ ಬೆರಳು ನನ್ನದು. ಬಟ್ಟೆ ತಂದ ದಿನ ದೇವರ ಮುಂದಿಟ್ಟು, ಅರಿಶಿನ ಕಲಸಿ ಮೂಲೆಗೆ ಹಚ್ಚಿದ್ದೆ. ಚಿಕ್ಕಂದಿನಿಂದ ಹೊಸ ಅಂಗಿಗೆಲ್ಲ ಹಾಗೆ ಮಾಡಿದ ಕೈ ತಲೆಯನ್ನು ಕೇಳಲೇ ಇಲ್ಲ. ಅದೂ ನೀರಿನಲ್ಲಿ ಕಲಸಿದ ಅರಿಶಿನ. ಬಾಗಿಲಲ್ಲಿದ್ದ ಶೈಲಾ ಲಿಂಡಾಳತ್ತ ನಗುತ್ತಲೇ ಕನ್ನಡದಲ್ಲಿ, "ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ಏನೂ ತಿಳಿಯದ ಲಿಂಡಾ ತಾನೂ ನಕ್ಕಳು.

ಹೇಳಿದರೆ ಪ್ರದರ್ಶನ ಕೈತಪ್ಪುತ್ತದೆ. ಹೇಳದಿದ್ದರೆ ಟೊಂಗಾದವರು ಎಂದೂ ಮಾಡದ ಶಾಸ್ತ್ರವೊಂದನ್ನು ನಾನೇ ಅವರ ತಲೆಗೆ ಕಟ್ಟಿದಂತಾಗುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿಬಿಟ್ಟೆ. ಲಿಂಡಾ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಹೊಸ ಬಟ್ಟೆಗೆ ಹಾಗೆ ಮಾಡುತ್ತೀರಿ, ಸರಿ. ಇದು ಹಳೆಯದಲ್ಲವೇ?" ಎಂದಳು. "ನಮ್ಮನೆಗೆ ಹೊಸದು ತಾನೆ" ಎಂದು ಶೈಲಾ ಇಂಗ್ಲಿಷಿನಲ್ಲಿ ನನ್ನ ಪರ ವಹಿಸಿದಳು. ಲಿಂಡಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೋಗುವ ಮುನ್ನ ನನ್ನ ಬೆರಳಿನ ಫೋಟೊ ತೆಗೆದಳು.

ಟಾಪಾ ಈಗ ಲೈಬ್ರರಿಯ ಬಾಗಿಲ ಎದುರಿಗೇ ತೂಗುತ್ತಿದೆ. ಕೆಳಗಿನ ಚೀಟಿಯಲ್ಲಿ, 'ಟೊಂಗಾ. ಮೂಲೆಯ ಅರಿಶಿನ: ಈಸ್ಟ್ ಬ್ರನ್ಸ್‌ವಿಕ್‌ನ ಮಾಲೀಕರ ಪದ್ಧತಿ' ಎಂದಿದೆ, ಪಕ್ಕದಲ್ಲಿ ನನ್ನ ಬೆರಳು. ಬಂದವರು ಚಿತ್ತಾರ ಬಿಟ್ಟು ಆ ಬೊಟ್ಟನ್ನೇ ನೋಡುತ್ತಾರೆ, ಆಮೇಲೆ ನನ್ನನ್ನು. ಮೊದಲ ದಿನ ಹೊರಗೆ ಬಂದಾಗ ಮಳೆ. ಶೈಲಾ ಛತ್ರಿ ಬಿಚ್ಚಿ, "ಒಳಗೆ ಬನ್ರೀ, ಈಗ ನಿಮಗೂ ನೀರು ತಾಗಬಾರ್ದು" ಎಂದಳು. ಛತ್ರಿಯೊಳಗೆ ಸೇರಿಕೊಂಡೆ. "ನನ್ನನ್ನು ಮಡಿಸಬೇಡ ಕಣೇ" ಎಂದಷ್ಟೇ ಕೇಳಿಕೊಂಡೆ.