ಟಿಲ್ಲರಿನ ಕಣ್ಣೀರು

ಹಾಲ್ಕುರಿಕೆಯ ಮಹಾಂತೇಶನ ಪಾಡಿಗೆಲ್ಲ ಕಾರಣ ಒಂದು ಟ್ರ್ಯಾಕ್ಟರು. ಅದು ಅವನದಲ್ಲ, ಊರಿನಲ್ಲಿ ಯಾರದೂ ಅಲ್ಲ, ಪುಸ್ತಕದೊಳಗಿನದು. ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ರುಕ್ಸಾನ ಟೀಚರ್ ಎರಡನೇ ಕ್ಲಾಸಿನ ಮಕ್ಕಳಿಗೆ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಓದಿದ್ದರು. ಅದರಲ್ಲೊಂದು ಕೆಂಪು ಬಣ್ಣದ ಮುದಿ ಟ್ರ್ಯಾಕ್ಟರು, ದೀಪಗಳ ಜಾಗದಲ್ಲಿ ಎರಡು ದೊಡ್ಡ ಕಣ್ಣು. ಊರಿಗೆಲ್ಲ ಉತ್ತು, ಊರ ಹೊರೆಯೆಲ್ಲ ಹೊತ್ತು ದಣಿದ ಮೇಲೆ ಯಜಮಾನ ಹೊಸದನ್ನು ತರುತ್ತಾನೆ. ಗುಜರಿ ಲಾರಿ ಬಾಗಿಲಿಗೆ ಬರುತ್ತದೆ. ಮುದಿ ಟ್ರ್ಯಾಕ್ಟರಿನ ಕಣ್ಣಿಂದ ಒಂದು ಹನಿ ಉದುರುತ್ತದೆ.

ಮಗಳು ಸೌಂದರ್ಯ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿ, ಮುದ್ದೆ ಮುಟ್ಟದೆ ಅತ್ತಳು. ಆಮೇಲೇನಾಯಿತೆಂದು ಮಹಾಂತೇಶ ಕೇಳಲಿಲ್ಲ. ಅವನ ತಲೆಯಲ್ಲಿ ಟಿಲ್ಲರು ಕೂತಿತ್ತು.

ಅಪ್ಪನ ಕಾಲದ ಪವರ್ ಟಿಲ್ಲರು. ತೆಂಗಿನ ಸಾಲುಗಳ ನಡುವೆ ಉತ್ತಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಲು ಹೋದರೆ ಪುಂಡು ಹೋರಿಯಂತೆ ಒದೆಯುತ್ತಿತ್ತು. ಹೋದ ತಿಂಗಳು ಬಿದ್ದ ಒದೆಗೆ ಅವನ ಬಲಗೈ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲ. ತಿಪಟೂರಿನ ಅಂಗಡಿಯೊಂದರಲ್ಲಿ ಹಳೆಯದನ್ನು ಕೊಟ್ಟರೆ, ಗುಂಡಿ ಒತ್ತಿದೊಡನೆ ಸ್ಟಾರ್ಟ್ ಆಗುವ ಹೊಸದು ಅರ್ಧ ಬೆಲೆಗೆ ಸಿಗುತ್ತಿತ್ತು. ಉಳಿದಿದ್ದು ಒಂದೇ ಟಿಲ್ಲರು. ಅದನ್ನೂ ಶುಕ್ರವಾರ ಮಧ್ಯಾಹ್ನದವರೆಗೆ ಮಾತ್ರ ಇಟ್ಟುಕೊಂಡಿರುತ್ತೇವೆ ಎಂದಿದ್ದರು.

ಶುಕ್ರವಾರ ಬೆಳಗ್ಗೆ ಮೆಕ್ಯಾನಿಕ್ ಖುದ್ದೂಸ್ ಟೆಂಪೋ ತಂದಾಗ ಟಿಲ್ಲರಿನ ಸೀಟಿನ ಮೇಲೆ ಸೌಂದರ್ಯ ಕೂತಿದ್ದಳು. ಒಂಟಿ ದೀಪದ ಪಕ್ಕದಲ್ಲಿ ಸೀಮೆಸುಣ್ಣದ ಇನ್ನೊಂದು ಕಣ್ಣು ಮೂಡಿತ್ತು, ಕೆಳಗೊಂದು ಬಾಯಿ. ಅವಳ ಕ್ಲಾಸಿನವರೆಲ್ಲ ಬ್ಯಾಗು ನೇತುಹಾಕಿಕೊಂಡು ಸುತ್ತ ನಿಂತಿದ್ದರು.

ಟಿಲ್ಲರಿಗೆ ಕೆಮ್ಮು ಜಾಸ್ತಿಯಾಗಿದೆ, ಖುದ್ದೂಸ್ ಮಾಮ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಮಹಾಂತೇಶ ನಯವಾಗಿ ಹೇಳಿದ. ಮಕ್ಕಳು ಅರ್ಧ ನಂಬಿದರು. ಸೌಂದರ್ಯ ಖುದ್ದೂಸನನ್ನೇ ಕೇಳಿದಳು, ಅದು ವಾಪಸ್ಸು ಬರುತ್ತದಾ ಎಂದು.

ಖುದ್ದೂಸ್ ಮಹಾಂತೇಶನ ಮುಖ ನೋಡಿದ, ಮಕ್ಕಳ ಮುಖ ನೋಡಿದ. "ಮಾಂತೇಶಣ್ಣ, ಇವತ್ತು ಶುಕ್ರವಾರ. ಸುಳ್ಳು ನೀನೇ ಹೇಳ್ಕೊ ಕಣಣ್ಣ."

ಅಲ್ಲಿಗೆ ಆಸ್ಪತ್ರೆ ಮುಚ್ಚಿತು. ಗದ್ದಲಕ್ಕೆ ತಾಯಿ ಸುವರ್ಣಮ್ಮ ಹೊರಗೆ ಬಂದರು. ಬಾಣಂತಿಯಾಗಿದ್ದಾಗ ತಾವು ಎಳೆಗೂಸು ಮಹಾಂತೇಶನನ್ನು ಮಡಿಲಲ್ಲಿ ಇಟ್ಟುಕೊಂಡು ಇದರ ಟ್ರೈಲರಿನಲ್ಲೇ ಮನೆಗೆ ಬಂದದ್ದನ್ನು ನೆನೆಸಿಕೊಂಡು ಸೆರಗನ್ನು ಕಣ್ಣಿಗೊತ್ತಿಕೊಂಡರು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆಯ ಶಂಭುಲಿಂಗಯ್ಯ ಖಾಲಿ ಕ್ಯಾನು ಕೆಳಗಿಟ್ಟು, ದುಡಿದ ಜೀವವನ್ನು ಹೀಗೆ ಹೊರಗೆ ಹಾಕಬಾರದು ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು. ವರ್ಷವರ್ಷವೂ ತಮ್ಮ ತೋಟವನ್ನು ಆ ಜೀವದಲ್ಲೇ ಪುಕ್ಕಟೆ ಉತ್ತುಕೊಳ್ಳುತ್ತಿದ್ದವರು ಅವರು. ಡೀಸೆಲ್ ಕೂಡ ಹಾಕಿಸಿದವರಲ್ಲ. ಹೊಸ ಟಿಲ್ಲರು ಬಂದರೆ ಮಹಾಂತೇಶ ಮುಟ್ಟಲೂ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮಹಾಂತೇಶ ಮಗಳನ್ನು ಎತ್ತಿ ಕೆಳಗಿಳಿಸಿದ. ಹಲಗೆ ಇಳಿಬಿಟ್ಟು, ಅವನೂ ಖುದ್ದೂಸನೂ ಟಿಲ್ಲರನ್ನು ಟೆಂಪೋಗೆ ತಳ್ಳತೊಡಗಿದರು. ಅರ್ಧ ಹತ್ತಿ ಅದು ಮುಂದಕ್ಕೆ ವಾಲಿತು. ಹೋದ ಮಳೆಗಾಲದಲ್ಲಿ ದೀಪದ ಗಾಜಿನೊಳಗೆ ಸೇರಿಕೊಂಡಿದ್ದ ನೀರು ಸಂದಿಯಿಂದ ಜಿನುಗಿ, ಸೀಮೆಸುಣ್ಣದ ಬಾಯಿಯ ಪಕ್ಕದಲ್ಲೇ ಇಳಿದು ತೊಟ್ಟಿಕ್ಕಿತು.

ಮಕ್ಕಳೆಲ್ಲ ಒಟ್ಟಿಗೆ ಅಳಲು ಶುರುಮಾಡಿದರು. ಸುವರ್ಣಮ್ಮನೂ ಸೇರಿಕೊಂಡರು. ಖುದ್ದೂಸ್ ತಳ್ಳುವುದನ್ನು ನಿಲ್ಲಿಸಿದ.

"ಇಪ್ಪತ್ತು ವರ್ಸದಿಂದ ಗಾಡಿ ಬಿಚ್ತಿದೀನಿ ಕಣಣ್ಣ. ಒಂದೂ ಹಿಂಗೆ ಮಾಡಿರ್ಲಿಲ್ಲ," ಎಂದವನೇ ಟಿಲ್ಲರನ್ನು ಮೆಲ್ಲಗೆ ಹಿಂದಕ್ಕಿಳಿಸಿ ಟೆಂಪೋ ಹತ್ತಿ ಹೊರಟ.

ಮಹಾಂತೇಶ ಅಂಗಡಿಗೆ ಫೋನು ಮಾಡಿ, ಸೋಮವಾರದವರೆಗೆ ತಡೆಯಿರಿ ಎಂದು ಬೇಡಿಕೊಂಡ. ಸೋಮವಾರ ಯಾಕೆ, ಈಗಲೇ ನೊಣವಿನಕೆರೆಯವರೊಬ್ಬರು ಹಳೇ ಟಿಲ್ಲರು ತಂದು ನಿಂತಿದ್ದಾರೆ, ಅವರಿಗೇ ಕೊಡುತ್ತೇವೆ ಎಂದು ಅವರು ಫೋನಿಟ್ಟರು. ಸುಲಿದ ಕಾಯಿಯ ಮಟ್ಟೆಯಂತೆ ಅವನು ಜಗುಲಿಯ ಮೇಲೆ ಕುಸಿದು ಕೂತ.

ಆದರೂ ಮಕ್ಕಳು ಸ್ಕೂಲಿಗೆ ಹೊರಡಲೊಲ್ಲರು. ತಾವು ಅತ್ತ ಹೋದೊಡನೆ ಟೆಂಪೋ ವಾಪಸ್ಸು ಬಂದರೆ? ಶಂಭುಲಿಂಗಯ್ಯ ಹಿರಿಯರಾಗಿ ನಡುವೆ ಬಂದರು.

"ಮಕ್ಕಳ ಮುಂದೆ ಮಾತು ಕೊಟ್ಬುಡು ಮಾಂತೇಶ. ಆ ಪುಸ್ತಕದಾಗೆ ಹೆಂಗೈತೋ ಹಂಗೇ ನಡ್ಕಂತೀನಿ ಅನ್ನು. ಒಂದ್ ಮಾತಿಗೇನು ಖರ್ಚು?"

ಮಹಾಂತೇಶ ಟಿಲ್ಲರಿನ ಮೂತಿಯ ಮೇಲೆ ಕೈಯಿಟ್ಟು ಹಾಗೇ ಅಂದ. ಮಕ್ಕಳು ಓಡಿದರು. ಶಂಭುಲಿಂಗಯ್ಯ ಅದೇ ಉಸಿರಿನಲ್ಲಿ ಭಾನುವಾರಕ್ಕೆ ಟಿಲ್ಲರು ಬೇಕಿತ್ತು ಎಂದು ಹೇಳಿಟ್ಟು ಕ್ಯಾನು ಎತ್ತಿಕೊಂಡರು.

ಸಂಜೆ ಸ್ಕೂಲು ಬಿಟ್ಟ ಮೇಲೆ ಮಕ್ಕಳ ಮೆರವಣಿಗೆ ನೇರ ಅವನ ಮನೆಗೇ ಬಂತು. ಮುಂದೆ ರುಕ್ಸಾನ ಟೀಚರ್, ಹಿಂದೆ ಖುದ್ದೂಸನ ಟೆಂಪೋ. ಟೆಂಪೋದಲ್ಲಿ ಗ್ಯಾಸ್ ಕಟರು. ಟೀಚರ್ ಕೈಮುಗಿದರು. ನಿನ್ನೆ ಬೆಲ್ ಹೊಡೆದದ್ದರಿಂದ ಕತೆ ಅರ್ಧಕ್ಕೇ ನಿಂತಿತ್ತು, ಉಳಿದದ್ದನ್ನು ಇವತ್ತು ಓದಿದೆ, ನೀವು ಕೊಟ್ಟ ಮಾತನ್ನು ಮಕ್ಕಳು ಹೇಳಿದರು ಎಂದರು.

"ಬೇರೆ ಯಾರೇ ಆಗಿದ್ರೂ ಇಷ್ಟು ದೊಡ್ಡ ಮನಸ್ಸು ಮಾಡ್ತಿರ್ಲಿಲ್ಲ ಸಾರ್," ಎಂದೂ ಸೇರಿಸಿದರು.

ಮಹಾಂತೇಶನಿಗೆ ತಿಳಿಯಲಿಲ್ಲ. ಸೌಂದರ್ಯ ತಿಳಿಸಿದಳು. ಟ್ರ್ಯಾಕ್ಟರು ಅತ್ತದ್ದು ಗುಜರಿಗೆ ಹೋಗಬೇಕಲ್ಲಾ ಅಂತ. ಆಗ ಯಜಮಾನ ಲಾರಿಯನ್ನು ವಾಪಸ್ಸು ಕಳಿಸಿ, ಅದನ್ನು ಕತ್ತರಿಸಿ ಬೆಸುಗೆ ಹಾಕಿಸಿ, ಸ್ಕೂಲಿನ ಅಂಗಳಕ್ಕೆ ಉಯ್ಯಾಲೆ, ಜಾರುಬಂಡೆ ಮಾಡಿಸಿಕೊಡುತ್ತಾನೆ. ಪುಕ್ಕಟೆಯಾಗಿ. ಕೊನೆಯ ಚಿತ್ರದಲ್ಲಿ ಟ್ರ್ಯಾಕ್ಟರಿನ ಮೂತಿ ಉಯ್ಯಾಲೆಯ ನೆತ್ತಿಯ ಮೇಲೆ ಕೂತು ನಗುತ್ತಿರುತ್ತದೆ.

ತನ್ನ ಕೂಲಿಯೂ ಬೇಡ, ಒಳ್ಳೇ ಕೆಲಸ ಎಂದು ಖುದ್ದೂಸ್ ಕಟರಿಗೆ ಪೈಪು ಸಿಕ್ಕಿಸಿದ. ಶಂಭುಲಿಂಗಯ್ಯ ಬೇಲಿಯಾಚೆಯಿಂದ ಧಾವಿಸಿ ಬಂದು, ಭಾನುವಾರ ಕಳೆಯಲಿ ಎಂದು ಏನೇನೋ ಹೇಳಿನೋಡಿದರು. ಮಾತು ಕೊಡಿಸಿದ್ದು ನೀವೇ ಅಲ್ವಾ ತಾತ ಎಂದು ಮಕ್ಕಳು ಕೇಳಿದ ಮೇಲೆ ಬೇಲಿಯಾಚೆಗೆ ವಾಪಸ್ಸಾದರು.

ಕಟರಿನ ಕಿಡಿ ಹಾರಿತು. ಹ್ಯಾಂಡಲ್ ಕಳಚಿ ನೆಲಕ್ಕೆ ಬಿತ್ತು. ಮಹಾಂತೇಶ ಭುಜ ಹಿಡಿದುಕೊಂಡು ನೋಡುತ್ತ ನಿಂತಿದ್ದ. ಹಳೆಯದೂ ಇಲ್ಲ, ಹೊಸದೂ ಇಲ್ಲ, ತೋಟದ ತುಂಬ ಕಳೆ. ಸೌಂದರ್ಯ ಬಂದು ಅವನ ಬೆರಳು ಹಿಡಿದಳು.

"ಪುಸ್ತಕದಲ್ಲೂ ಯಜಮಾನ ಹಿಂಗೇ ನಿಂತಿರ್ತಾನೆ ಕಣಪ್ಪ. ಆಮೇಲೆ ನಗ್ತಾನೆ."

ಮಕ್ಕಳೆಲ್ಲ ಅವನ ಕಡೆಗೆ ತಿರುಗಿದರು. ಟೀಚರೂ ತಿರುಗಿದರು. ಖುದ್ದೂಸ್ ಕಟರು ಆರಿಸಿ ಕಾದ.

ಮಹಾಂತೇಶ ನಕ್ಕ.