ಕಥೆಯಲ್ಲೇ ಇಲ್ಲದ ಕಳ್ಳನನ್ನು ನನ್ನ ಕೈಯಿಂದ ಹಿಡಿಸಿದ ಬಗ್ಗೆ

ಮಕ್ಕಳ ಪತ್ತೇದಾರಿ ಪುಸ್ತಕಮಾಲೆಯ ಬೈಂಡಿಂಗ್ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಸೂಜಿ, ದಾರ, ಗೋಂದು ಹಿಡಿದ ತಮ್ಮ ಹಸ್ತಗಳಿಗೆ ದೂರದಿಂದಲೇ ನಮಸ್ಕರಿಸಿ, ತಾವೂ ತಮ್ಮ ಗೋಂದಿನ ಡಬ್ಬಿಯೂ ಕ್ಷೇಮವೆಂದು ನಂಬಿ ಬರೆಯುವುದೇನೆಂದರೆ: ಈ ಭೂಮಂಡಲದಲ್ಲಿ ಇದುವರೆಗೆ ಅಚ್ಚಾಗಿರುವ ಎಲ್ಲ ಪತ್ತೇದಾರಿ ಕಥೆಗಳ ಎಲ್ಲ ಕಳ್ಳರನ್ನೂ ಮೂರನೇ ಪುಟ ದಾಟುವ ಮೊದಲೇ ಹಿಡಿದಿರುವ ಏಕೈಕ ವ್ಯಕ್ತಿ ನಾನು. ಸಾಕ್ಷಾತ್ ಪೊಲೀಸರೇ ತಮ್ಮಿಂದ ಬಿಡಿಸಲಾಗದ ಗಂಟುಗಳನ್ನು ಹೊತ್ತುಕೊಂಡು ಬೆಳಗಾದರೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ನಾನೇ, ಪಾಪ, ಅವರಿಗೂ ಒಂದು ಕೆಲಸ ಅಂತ ಇರಲಿ ಎಂದು ಹಿಂದಕ್ಕೆ ಕಳಿಸುತ್ತೇನೆ. ಇಂಥವನೊಬ್ಬನನ್ನು ತಾವು ಬರೀ ಹದಿನಾರು ಪುಟಗಳಿಂದ ನೆಲಕ್ಕೆ ಕೆಡವಿದ್ದೀರಿ. ತಮ್ಮ ಪ್ರತಿಭೆಗೆ ಮೊದಲು ನನ್ನ ಅಭಿನಂದನೆ ಸಲ್ಲಬೇಕು, ದೂರು ಆಮೇಲೆ.

ನನ್ನ ಪರಿಚಯ ಚಿಕ್ಕದು. ವೃತ್ತಿಯಲ್ಲಿ ಬೀಗ ರಿಪೇರಿಯವನು. ವಿದ್ಯಾಭ್ಯಾಸ, ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಏಳನೆಯದನ್ನು ಎರಡು ಸಲ ಓದಿದ್ದರಿಂದ ಎಂಟನೆಯದೆಂದೇ ಲೆಕ್ಕ. ವಾಸ ಅಕ್ಕನ ಮನೆಯಲ್ಲಿ. ಆ ಮನೆಯಲ್ಲಿ ಅಕ್ಕ, ಭಾವ, ನಾನು, ಮತ್ತು ಹನ್ನೆರಡು ವರ್ಷದ ಅಕ್ಕನ ಮಗಳು ಇದ್ದೇವೆ. ತಮ್ಮ ಮಾಲೆಯ ಪುಸ್ತಕಗಳನ್ನು ಇವಳು ವಾರಕ್ಕೊಂದರಂತೆ ಗ್ರಂಥಾಲಯದಿಂದ ತರುತ್ತಾಳೆ. ಅಂಗಳದಲ್ಲಿ ಯಾರದಾದರೂ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯುವಷ್ಟು ತಮ್ಮ ಸಾಹಿತ್ಯದ ಪ್ರಭಾವ ಅವಳ ಮೇಲಾಗಿದೆ.

ನಮ್ಮ ಮನೆಯ ಪದ್ಧತಿ ಹೀಗೆ. ಶನಿವಾರ ಸಂಜೆ ಪುಸ್ತಕ ಬರುತ್ತದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಗಟ್ಟಿಯಾಗಿ ಓದುತ್ತಾಳೆ. ಅಕ್ಕ ಒಗೆದ ಬಟ್ಟೆ ಮಡಚುತ್ತ ಕೇಳುತ್ತಾಳೆ. ಭಾವ ಪತ್ರಿಕೆಯ ಮರೆಯಲ್ಲಿ ಕೇಳದವರಂತೆ ಕೇಳುತ್ತಾರೆ. ಮೊದಲ ಅಧ್ಯಾಯ ಮುಗಿದೊಡನೆ ನಾನು ಕಣ್ಣು ಮುಚ್ಚಿ, ಹಣೆಗೆ ಎರಡು ಬೆರಳು ಒತ್ತಿ, ಒಂದು ಚೀಟಿಯಲ್ಲಿ ಕಳ್ಳ ಯಾರೆಂದು ಬರೆದು ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕುತ್ತೇನೆ. ಕಥೆ ಮುಗಿದ ಮೇಲೆ ಡಬ್ಬಿ ತೆರೆಯುತ್ತಾರೆ. ಇಪ್ಪತ್ತಮೂರು ಪುಸ್ತಕ, ಇಪ್ಪತ್ತಮೂರು ಚೀಟಿ, ಒಂದೂ ತಪ್ಪಿಲ್ಲ. ಈ ಕಾರಣಕ್ಕೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯೂ ಮುಖ್ಯ ಪತ್ತೇದಾರನ ಪದವಿಯೂ ನನ್ನವಾಗಿದ್ದವು. ಅಕ್ಕನ ಮಗಳು ತನ್ನ ಗೆಳತಿಯರ ಮುಂದೆ, "ನಮ್ಮ ಮಾವನ ತಲೆ ಅಂದ್ರೆ ತಲೆ ಕಣ್ರೇ," ಎನ್ನುತ್ತಿದ್ದಳು. ಮಾನ್ಯರೇ, ಕುರ್ಚಿ ಹಾಳಾಗಿ ಹೋಗಲಿ, ಈ ಒಂದು ಮಾತಿಗೆ ಬೆಲೆ ಕಟ್ಟುವವರು ಯಾರು?

ನನ್ನ ವಿಧಾನವನ್ನು ಕೇಳುತ್ತೀರಾ? ತಮ್ಮಂಥ ಕಸುಬುದಾರರ ಮುಂದೆ ಮುಚ್ಚಿಡುವುದೇನು. ಬಿಡಿಸಲಾಗದ ಬೀಗವನ್ನು ನಾವು ಹಿಂಬದಿಯ ತಗಡು ಬಿಚ್ಚಿ ಪರಿಶೀಲಿಸುತ್ತೇವೆ. ಪುಸ್ತಕಕ್ಕೂ ಹಿಂಬದಿ ಎಂಬುದೊಂದು ಇದೆಯಷ್ಟೆ. ಶನಿವಾರ ಸಂಜೆ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದಾಗ ಸಿಗುವ ಎರಡು ನಿಮಿಷದಲ್ಲಿ ನಾನು ಕೊನೆಯ ಪುಟವನ್ನು, ಕಾಗದದ ಗುಣಮಟ್ಟ ನೋಡುವ ಏಕಮಾತ್ರ ಉದ್ದೇಶದಿಂದ, ಸ್ವಲ್ಪ ತೆರೆಯುತ್ತಿದ್ದೆ. ತೆರೆದ ಕಣ್ಣಿಗೆ ಅಕ್ಷರ ಬಿದ್ದರೆ ಅದು ಕಣ್ಣಿನ ತಪ್ಪು.

ಇಪ್ಪತ್ತನಾಲ್ಕನೆಯ ಪುಸ್ತಕ, ಶಾಲೆಯ ವಾದ್ಯವೃಂದದ ಹಿತ್ತಾಳೆಯ ತುತ್ತೂರಿ ಕಾಣೆಯಾದ ಕಥೆ. ಎಂದಿನಂತೆ ಗುಣಮಟ್ಟ ನೋಡಿದೆ. ಕೊನೆಯ ಪುಟದಲ್ಲಿ ಗಡಿಯಾರ ರಿಪೇರಿಯವನೊಬ್ಬ ತಲೆ ತಗ್ಗಿಸಿ ಕಣ್ಣೀರು ಸುರಿಸುತ್ತ "ಕದ್ದವನು ನಾನೇ" ಎಂದು ಒಪ್ಪಿಕೊಂಡಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮರುದಿನ ಮೊದಲ ಅಧ್ಯಾಯ ಮುಗಿಯುವುದನ್ನೂ ಕಾಯದೆ, ಚೀಟಿಯ ಹಂಗೂ ಇಲ್ಲದೆ, ಬಾಯಿಬಿಟ್ಟೇ ಸಾರಿದೆ: "ಕಳ್ಳ ಗಡಿಯಾರ ರಿಪೇರಿಯವನು! ಬೇಕಾದರೆ ಪಂದ್ಯ ಕಟ್ಟಿ." ಅಕ್ಕನ ಮಗಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಸರಿ ಮಾವ. ಸೋತವರು ಕುರ್ಚಿ ಬಿಡಬೇಕು, ಗೆದ್ದವರ ಕೈಕೆಳಗೆ ಸಹಾಯಕರಾಗಿರಬೇಕು," ಎಂದಳು. ಹಣವನ್ನೂ ಇಟ್ಟೆವು. ಎಷ್ಟೆಂಬುದು ಇಲ್ಲಿ ಅಪ್ರಸ್ತುತ; ದೊಡ್ಡ ಮೊತ್ತವೆಂದು ತಿಳಿದರೆ ಸಾಕು.

ಮಾನ್ಯರೇ, ಎರಡನೆಯ ಅಧ್ಯಾಯ ಬಂತು, ಗಡಿಯಾರ ರಿಪೇರಿಯವನು ಬರಲಿಲ್ಲ. ಮೂರು ಬಂತು, ನಾಲ್ಕು ಬಂತು, ಆಸಾಮಿಯ ಸುಳಿವಿಲ್ಲ. "ಎಲ್ಲೋ ಅಡಗಿದ್ದಾನೆ, ಪಕ್ಕಾ ಕಸುಬಿನವನು," ಎಂದೆ. ಐದನೆಯದರಲ್ಲಿ ಬಂದ ಬಲೂನು ಮಾರುವವನೇ ವೇಷ ಮರೆಸಿಕೊಂಡ ಗಡಿಯಾರದವನೆಂದು ಸಾಧಿಸಿದೆ. ಆರನೆಯದರಲ್ಲಿ ಬಲೂನು ಮಾರುವವನು ತನ್ನ ಹೆಂಡತಿ, ನಾಲ್ಕು ಮಕ್ಕಳ ಸಮೇತ ಬಂದು ನಿಂತ. ಏಳನೆಯದರಲ್ಲಿ ಸಂಗೀತದ ಮೇಷ್ಟ್ರ ನಾಯಿಯ ಮೇಲೂ ನನಗೆ ಅನುಮಾನ ಬಂತು. "ನಾಯಿ ಗಡಿಯಾರ ರಿಪೇರಿ ಮಾಡುತ್ತೇನೋ?" ಎಂದು ಅಕ್ಕ ಕೇಳಿದಳು. ಭಾವನ ಪತ್ರಿಕೆ ಅಲುಗಾಡತೊಡಗಿತು. ಎಂಟನೆಯ ಅಧ್ಯಾಯದಲ್ಲಂತೂ ಕಥೆಗಾರರು, ಆ ಊರಿನಲ್ಲಿ ಒಂದು ಗಡಿಯಾರವೂ ಇಲ್ಲದ್ದರಿಂದ ಶಾಲೆಯ ಗಂಟೆಯೇ ಎಲ್ಲರಿಗೂ ಆಧಾರವಾಗಿತ್ತು ಎಂದು ಬರೆದು ನನ್ನ ಗಾಯಕ್ಕೆ ಉಪ್ಪು ಸವರಿದರು.

ಹೀಗೆ ನೂರಹನ್ನೆರಡನೆಯ ಪುಟ ಮುಗಿದು ನೂರಹದಿಮೂರನೆಯದು ತೆರೆಯಿತು. ತೆರೆದರೆ, ತುತ್ತೂರಿ ಇಲ್ಲ, ಶಾಲೆ ಇಲ್ಲ, ನಾಯಿ ಇಲ್ಲ! ಯಾರೋ ಮುತ್ತಿನ ಹಾರ ಕಳೆದುಕೊಂಡ ಶ್ರೀಮಂತೆಯ ಹಜಾರದಲ್ಲಿ ಹಿಂದೆಂದೂ ಕಾಣದ ಒಂಬತ್ತು ಜನ ಕೂತಿದ್ದಾರೆ. ಅವರ ನಡುವೆ, ಇಷ್ಟು ಹೊತ್ತು ಎಲ್ಲಿ ಸತ್ತಿದ್ದನೋ, ನನ್ನ ಗಡಿಯಾರ ರಿಪೇರಿಯವನು! ನಾನು ಕುರ್ಚಿಯಿಂದ ಎದ್ದು ಕುಣಿದೆ. "ನೋಡಿದಿರಾ! ಬಂದ! ನಾನು ಹೇಳಲಿಲ್ಲವಾ!" ಎಂದು ಕೂಗಿದೆ. ಆ ಕುಣಿತಕ್ಕೆ ಆಯುಸ್ಸು ಅರ್ಧ ನಿಮಿಷ.

ಅಕ್ಕನ ಮಗಳು ಪುಸ್ತಕ ಮುಚ್ಚಿ, ತಮ್ಮ ಮಾಲೆಯ ಪತ್ತೇದಾರರು ಮಾಡುವಂತೆಯೇ ಎಲ್ಲರನ್ನೂ ಒಮ್ಮೆ ನೋಡಿ ಹೇಳಿದಳು: "ಮಾವ, ಈ ಹದಿನಾರು ಪುಟ ಈ ಕಥೆಯದೇ ಅಲ್ಲ. ಬೇರೆ ಪುಸ್ತಕದ್ದು ತಪ್ಪಿ ಸೇರಿದೆ. ಇಲ್ಲೀತನಕ ಎಷ್ಟೇ ತಲೆ ಓಡಿಸಿದ್ರೂ ಗಡಿಯಾರದವನ ಹೆಸರು ಯಾರಿಗೂ ಹೊಳೆಯೋಕೆ ಸಾಧ್ಯ ಇಲ್ಲ. ಗೊತ್ತಿರೋದು ಒಬ್ಬರಿಗೇ. ಕೊನೇ ಪುಟ ಮೊದಲೇ ಓದಿದವರಿಗೆ." ನಾನು ಗಾಬರಿಯಲ್ಲಿ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನೂ ನನಗಿಂತ ಜಾಣನಿರಬೇಕು. ಅವನು ಬರೀ ಹೆಗಲು ಮುಟ್ಟಿಕೊಂಡ, ನಾನು ಸಾಕ್ಷಿಯನ್ನೇ ಎತ್ತಿ ತೋರಿಸಿದ್ದೆ. ಅವಳು ಕೊನೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಬೀಗದ ಎಣ್ಣೆಯ ಕಪ್ಪು ಹೆಬ್ಬೆಟ್ಟು, ಗೆರೆ ಗೆರೆಯಾಗಿ, ಮುದ್ದಾಗಿ ಮೂಡಿತ್ತು. "ಎಲ್ಲಾ ಪುಸ್ತಕದಲ್ಲೂ ಇದೇ ಗುರುತು ಇತ್ತು. ನನಗಿಂತ ಮೊದಲು ಓದಿದವರದು ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಿಜಕ್ಕೂ ನಿಮ್ಮ ತಲೆ ಅಂತ ನಂಬಿದ್ದೆ ಮಾವ," ಎಂದಳು.

ಭಾವ ಪತ್ರಿಕೆ ಕೆಳಗಿಟ್ಟರು. ಮದುವೆಯಾದ ದಿನದಿಂದ ನನ್ನೆದುರು ನಗದ ಮನುಷ್ಯ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಕ್ಕ, "ಇವನು ಶಾಲೆಯಲ್ಲೂ ಪುಸ್ತಕದ ಕೊನೇ ಪುಟದ ಉತ್ತರ ನೋಡ್ಕೊಂಡೇ ಲೆಕ್ಕ ಮಾಡ್ತಿದ್ದ. ಆ ಪುಟ ಹರಿದುಹೋದ ವರ್ಷ ಫೇಲಾದ," ಎಂದು ಮೂವತ್ತು ವರ್ಷದ ರಹಸ್ಯವನ್ನು ಮಡಚಿದ ಬಟ್ಟೆಯ ಜೊತೆಗೇ ಹೊರಗಿಟ್ಟಳು.

ಆದ್ದರಿಂದ ಮಹಾಸ್ವಾಮಿಗಳಾದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ಮುಂದಿನ ಮುದ್ರಣದಲ್ಲಿ ತುತ್ತೂರಿ ಕಥೆಯೊಳಗೆ ಒಬ್ಬ ಗಡಿಯಾರ ರಿಪೇರಿಯವನನ್ನು ದಯಮಾಡಿ ಹೊಲಿಯಬೇಕು. ಹೆಚ್ಚೇನೂ ಬೇಡ, ಮೂರನೆಯ ಪುಟದಲ್ಲಿ ಕೆಮ್ಮುತ್ತ ಬೀದಿ ದಾಟಿ ಹೋದರೂ ಸಾಕು. ಅವನು ಮೊದಲಿನಿಂದಲೂ ಕಥೆಯಲ್ಲಿದ್ದನೆಂದೂ ಗೋಂದು ಹಚ್ಚುವಾಗ ಜಾರಿ ಬಿದ್ದನೆಂದೂ ಮೊಹರು ಒತ್ತಿದ ಪ್ರಮಾಣಪತ್ರ ಕಳಿಸಬೇಕು. ಮಾನನಷ್ಟದ ಬಾಬ್ತು ಒಂದು ಲಕ್ಷ ಕೊಡಬೇಕು. ಇನ್ನು ಮುಂದೆ ಪ್ರತಿ ಪುಸ್ತಕದ ಕೊನೆಯ ಪುಟಕ್ಕೆ ಬೀಗ ಹಾಕಬೇಕು. ಬೀಗಗಳನ್ನು ರಿಯಾಯಿತಿ ದರದಲ್ಲಿ ನಾನೇ ಪೂರೈಸುತ್ತೇನೆ.

ಕಡೆಯದಾಗಿ, ಎಲ್ಲಕ್ಕಿಂತ ತುರ್ತಿನ ವಿಷಯ. ತುತ್ತೂರಿ ಕದ್ದವರು ಯಾರು? ಆ ಕಥೆಯ ನಿಜವಾದ ಕೊನೆಯ ಹದಿನಾರು ಪುಟ ನಮ್ಮ ಬಳಿ ಇಲ್ಲ. ಗ್ರಂಥಾಲಯದಲ್ಲಿ ಬೇರೆ ಪ್ರತಿಯೂ ಇಲ್ಲ. ಹೊಸ ಮುಖ್ಯ ಪತ್ತೇದಾರಿಣಿಯವರು ಬೆತ್ತದ ಕುರ್ಚಿಯಲ್ಲಿ ಕೂತು, "ಸಹಾಯಕರೇ, ಈ ಸಲ ನಿಜವಾಗಿ ಯೋಚನೆ ಮಾಡಿ," ಎಂದು ಅಪ್ಪಣೆ ಕೊಡಿಸಿದ್ದಾರೆ. ಹತ್ತು ದಿನದಿಂದ ಯೋಚಿಸುತ್ತಿದ್ದೇನೆ. ಗಿರಾಕಿಗಳಿಗೆ ಬೇರೆ ಬೇರೆ ಬೀಗದ ಕೈ ಕೊಟ್ಟು ಕಳಿಸಿದ್ದೇನೆ. ನನಗೆ ಸಂಗೀತದ ಮೇಷ್ಟ್ರ ಮೇಲೆ ಅನುಮಾನ: ತುತ್ತೂರಿ ಕಳೆದ ದಿನದಿಂದ ಅವರ ತಲೆನೋವು ಕಡಿಮೆಯಾಗಿದೆ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಒಂದೇ ಸಾಲು ಬರುತ್ತದೆ. ಇದನ್ನು ಹೇಳಿದಾಗ ಅವಳು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು, "ಇದು ನನಗೂ ಹೊಳೆದಿರಲಿಲ್ಲ ಮಾವ," ಎಂದಳು. ಆದಕಾರಣ ನಿಜವಾದ ಹದಿನಾರು ಪುಟಗಳನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಅವಳ ಹೆಸರಿಗೇ ಕಳಿಸಿ. ನನ್ನ ಹೆಸರಿಗೆ ಮಾತ್ರ ಖಂಡಿತ ಬೇಡ. ಅಂಚೆಯವನಿಗೂ, ಅವಳ ಕೈಗೇ ಕೊಡಬೇಕೆಂದು ನಾನೇ ಹೇಳಿಟ್ಟಿದ್ದೇನೆ.

ತಮ್ಮ ಗೋಂದು ಸದಾ ಸರಿಯಾದ ಜಾಗದಲ್ಲೇ ಅಂಟಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು
(ಮಾಜಿ ಮುಖ್ಯ ಪತ್ತೇದಾರ, ಹಾಲಿ ಸಹಾಯಕ)

ತಾ.ಕ.: ಸಹಾಯಕರು ಬರೆದ ಪತ್ರಗಳನ್ನು ಮುಖ್ಯಸ್ಥರು ತಪಾಸಣೆ ಮಾಡಿಯೇ ಅಂಚೆಗೆ ಹಾಕುವುದು ನಮ್ಮ ಮನೆಯ ಹೊಸ ನಿಯಮ. ಅವರು ಪೊಲೀಸರ ಸಾಲನ್ನೂ ಲಕ್ಷವನ್ನೂ ಹೊಡೆದು ಹಾಕಲು ಹೊರಟಿದ್ದರು. ಪಂದ್ಯದ ಹಣವನ್ನಾದರೂ ನಿಜ ಬರೆಯುತ್ತೇನೆಂಬ ಒಪ್ಪಂದದ ಮೇಲೆ ಬಿಟ್ಟಿದ್ದಾರೆ. ಹೊಲಿಗೆ ತಪ್ಪಿದವರ ಮುಂದೆ ಲೆಕ್ಕ ತಪ್ಪಿದವನಿಗೆ ನಾಚಿಕೆ ಏಕೆ? ನಾನು ಸೋತದ್ದು ಐದು ನಾಣ್ಯ. ಅದರಲ್ಲಿ ಮೂರು ಅವಳಿಂದಲೇ ಕೈಗಡ ಪಡೆದದ್ದು, ಒಂದು ಯಾವ ಅಂಗಡಿಯವನೂ ಮುಟ್ಟದ ಸವಕಲು. ಒಟ್ಟು ನಷ್ಟ, ಒಂದು.