ಹಲ್ಲಿನ ತಂತಿಗೆ ಹುಣಸೆನೀರು

ದಾವಣಗೆರೆಯಲ್ಲಿ ನಾನು ಕಲಾಯಿ ಹಾಕದ ಪಾತ್ರೆ ಇದ್ದರೆ ಅದು ಮಣ್ಣಿನದೇ ಇರಬೇಕು! ಮದುವೆಯ ಹಂಡೆಯಿಂದ ಹಿಡಿದು ಹೋಟೆಲಿನ ಚಹಾ ಕಿಟ್ಲಿವರೆಗೆ ಎಲ್ಲವೂ ಈ ಮೌಲಾ ಸಾಬನ ಕೈಯಲ್ಲಿ ಹೊಳೆದವು. ಅರವತ್ತೈದನೇ ಇಸವಿಯಲ್ಲಿ ಹರಿಹರದ ಹಲ್ಲಿನ ಡಾಕ್ಟರು ನನ್ನ ಹನ್ನೆರಡು ವರ್ಷದ ಮಗಳು ಮಾಸೂಮಾಳ ಉಬ್ಬುಹಲ್ಲಿಗೆ ತಂತಿಯ ಪ್ಲೇಟು ಹಾಕಿದಾಗ ಎದೆ ಸೆಟೆಸಿ ಹೇಳಿಬಿಟ್ಟೆ: "ಇದರ ಜೋಪಾನ ನನಗೆ ಬಿಡ್ರಿ."

"ತಣ್ಣೀರಾಗೇ ತೊಳೀರಿ. ಊಟಕ್ಕೆ ಮಾತ್ರ ತೆಗೀಬೇಕು. ನಾಕು ದಿನ ಬಾಯಾಗೆ ಇರ್ಲಿಲ್ಲ ಅಂದ್ರೆ ಹಲ್ಲು ಮತ್ತೆ ಮುಂದಕ್ಕೆ ಬರ್ತಾವೆ," ಅಂದರು ಡಾಕ್ಟರು.

ಸಾಲೆಯಲ್ಲಿ ಎಷ್ಟು ಅಣಕಿಸಿದರೂ ಹುಡುಗಿ ಐದು ತಿಂಗಳು ಹಟ ಹಿಡಿದು ಹಾಕಿಕೊಂಡಳು. ಹಲ್ಲು ನಿಜಕ್ಕೂ ಒಳಗೆ ಸರಿದಿದ್ದವು. ನೋಡಿ ನನಗೇ ಕಣ್ಣು ತುಂಬಿತ್ತು. ಆದರೆ ತಂತಿ ಮಂಕಾಗಿತ್ತು. ಮೌಲಾ ಸಾಬನ ಮನೆಯಲ್ಲಿ ಮಂಕು! ತಣ್ಣೀರಿಗೆ ಯಾವ ಕಿಲುಬು ಬಿಟ್ಟೀತು? ಕಲಾಯಿಗೆ ಮೊದಲು ಹಿತ್ತಾಳೆ ತೊಳೆಯುವ ಹುಣಸೆನೀರೇ ಇದಕ್ಕೂ ಮದ್ದು ಅಂದುಕೊಂಡೆ.

ಒಂದು ಶುಕ್ರವಾರ ಮಾಸೂಮಾ ಪ್ಲೇಟನ್ನು ಬಟ್ಟಲಲ್ಲಿಟ್ಟು ಉಣ್ಣಲು ಕೂತಳು. ನಾನು ಮೆಲ್ಲಗೆ ಎತ್ತಿಕೊಂಡು ಹೋಗಿ ಕುದಿಯುವ ಹುಣಸೆನೀರಿಗೆ ಬಿಟ್ಟೆ. ತಂತಿ ಹೊಳೆಯಿತು. ತಂತಿ ಕೂತಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಅಚ್ಚು ಮಾತ್ರ ಹಪ್ಪಳದಂತೆ ಮುದುಡಿತು. ಇಕ್ಕಳ ಹಿಡಿದು ಎಳೆದೆ. ಮುದುಡಿದ್ದು ಹೋಗಿ ಸೊಟ್ಟಗಾಯಿತು.

"ಏನ್ ಮಾಡ್ತಿದೀರ್ರೀ?" ಹೆಂಡತಿ ಖೈರುನ್ನೀಸಾ ಬಾಗಿಲಲ್ಲಿ ನಿಂತಿದ್ದಳು.

"ತೊಳೀತಿದ್ದೆ."

"ಹುಣಸೆಹಣ್ಣು ಹಾಕಿ ಕುದಿಸೀರಿ. ಉಪ್ಪು ಖಾರನೂ ಹಾಕಿದ್ರೆ ಸಾರಾಗ್ತಿತ್ತು."

ಮಾಸೂಮಾ ಹಾಕಿ ನೋಡಿದಳು. ಪ್ಲೇಟು ಕೂರಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಮೊದಲ ಬಸ್ಸಿಗೇ ಹರಿಹರಕ್ಕೆ ಓಡಿದೆವು. ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು, "ತಂತಿ ಭಾಳ ಚಲೋ ಹೊಳೀತೈತೆ, ಸಾಬ್ರೆ," ಅಂದರು. ನಾನು ಚಪ್ಪಲಿ ನೋಡಿಕೊಂಡು ನಿಂತೆ. ಅವರು ಬಾಯಿಯ ಅಳತೆ ಮತ್ತೆ ತೆಗೆದು ಮೂರನೇ ದಿನಕ್ಕೆ ಹೊಸ ಪ್ಲೇಟು ಮಾಡಿಸಿಕೊಟ್ಟರು. ಪುಣ್ಯಕ್ಕೆ ಹಲ್ಲು ಮತ್ತೆ ಮುಂದಕ್ಕೆ ಬಂದಿರಲಿಲ್ಲ. ಇಸಿದುಕೊಳ್ಳಲು ನಾನು ಕೈ ಚಾಚಿದೆ. ಡಾಕ್ಟರು ಅದನ್ನು ಮಾಸೂಮಾಳ ಕೈಗಿಟ್ಟರು.

"ನೆನಪೈತೇನವ್ವ? ಊಟಕ್ಕೆ ಕೂತಾಗ ತೆಗೀಬೇಕು."

ಮಗಳು ನನ್ನನ್ನೊಮ್ಮೆ ನೋಡಿ ಕೇಳಿದಳು: "ಡಾಕ್ಟ್ರೇ, ಅಬ್ಬಾ ಮನ್ಯಾಗಿದ್ರೆ ಹಾಕ್ಕೊಂಡೇ ಉಣ್ಲಾ?"